ದಾಳ ಉರುಳಿಸುವುದು ಆಡ್‌ಆನ್ ಅಲ್ಲ

ಆನ್‌ಲೈನ್ ಆಟ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಮೋಲ್ಟನ್ ಕೋರ್ ಎಂಬ ರೇಡ್‌ನಲ್ಲಿ 40 ಜನ ಸೇರಿ ಬಾಸ್ ರಾಗ್ನರೋಸ್‌ನನ್ನು ಕೆಡವುತ್ತಾರೆ. ಸಿಗುವುದು ಬೆರಳೆಣಿಕೆಯ ವಸ್ತು (ಲೂಟ್). ನಿಜವಾದ ಕಾಳಗ ಶುರುವಾಗುವುದೇ ಆಮೇಲೆ. ಈ ಹಂಚಿಕೆಯ ಲೆಕ್ಕ ಇಡಲು ಆಟಗಾರರ ಗುಂಪುಗಳಾದ ಗಿಲ್ಡ್‌ಗಳು ಆರ್‌ಸಿ ಲೂಟ್ ಕೌನ್ಸಿಲ್, ಗಾರ್ಗುಲ್‌ನಂಥ ಆಡ್‌ಆನ್ ಹಾಕಿಕೊಳ್ಳುತ್ತವೆ. ಹೊಸದೊಂದನ್ನು ಪರೀಕ್ಷೆಗೆ ಇಳಿಸಿದ ದಿನವೇ ದೂರು ಸಿದ್ಧ: “ಲೀಡರ್‌ಗೇ ಯಾವಾಗಲೂ ದೊಡ್ಡ ನಂಬರ್ ಬೀಳುತ್ತೆ, ಇದರಲ್ಲಿ ಏನೋ ಕಿತಾಪತಿ ಇದೆ.”

ಜೇನು ಕಿತ್ತವನು ಕೈ ನೆಕ್ಕದೆ ಇರುತ್ತಾನೆಯೇ ಎಂಬ ಅನುಮಾನ ಸಹಜ. ಆದರೆ ಈ ಜೇನುಗೂಡು ಆಡ್‌ಆನ್‌ನ ಕೈಗೆ ಎಟುಕುವುದೇ ಇಲ್ಲ. ವಸ್ತು ಯಾರಿಗೆಂದು ನಿರ್ಧರಿಸಲು ದಾಳ ಉರುಳಿಸಿದಾಗ, ಅಂದರೆ ರೋಲ್ ಮಾಡಿದಾಗ, 1ರಿಂದ 100ರೊಳಗಿನ ಸಂಖ್ಯೆ ಹುಟ್ಟುವುದು ಆಟದ ಸರ್ವರ್‌ನಲ್ಲಿ. ಆಡ್‌ಆನ್ ಎಂಬುದು ನಮ್ಮ ಕಂಪ್ಯೂಟರಿನಲ್ಲಿ ಓಡುವ, ಲುವಾ ಭಾಷೆಯಲ್ಲಿ ಬರೆದ ಗುಮಾಸ್ತ. ಸರ್ವರ್ ಹೇಳಿದ್ದನ್ನು ಬರೆದುಕೊಳ್ಳುತ್ತದೆ, ಅಷ್ಟೇ. ದುರದೃಷ್ಟದ ಲೆಕ್ಕವನ್ನೂ ಹಾಕಿ ನೋಡಿ: 20 ಸಲ ರೋಲ್ ಮಾಡಿಯೂ ಒಮ್ಮೆಯೂ 90 ದಾಟದಿರುವ ಸಾಧ್ಯತೆ ಸುಮಾರು ಶೇ 12. ಅಂದರೆ 40 ಜನರಲ್ಲಿ ಸರಾಸರಿ ಐವರ ಹಣೆಬರಹ ಅದು. ಹೆಚ್ಚು ಕೂಗಾಡುವವರೂ ಅವರೇ.

ಮೋಸಕ್ಕೆ ದಾರಿಯೇ ಇಲ್ಲವೆಂದಲ್ಲ. ಸರ್ವರ್ ಕೊಡುವ ಫಲಿತಾಂಶ ಚಾಟ್‌ನಲ್ಲಿ ಹಳದಿ ಅಕ್ಷರದಲ್ಲಿ ಬರುತ್ತದೆ. ಕಿಲಾಡಿಯೊಬ್ಬ ಅದೇ ವಾಕ್ಯವನ್ನು ತಾನೇ ಟೈಪ್ ಮಾಡಿ, ಎಮೋಟ್ ಆಗಿ ಕಿತ್ತಳೆ ಬಣ್ಣದಲ್ಲಿ ಹರಿಯಬಿಟ್ಟು 98 ಬಿತ್ತು ಎನ್ನಬಹುದು. ಇನ್ನೊಬ್ಬ 1–100ರ ಬದಲು 99–100 ಎಂದು ರೋಲ್ ಮಾಡಬಹುದು. ಇವೆರಡನ್ನೂ ಆಡ್‌ಆನ್ ತಳ್ಳಿಹಾಕುತ್ತದೆಯೇ? ಪರೀಕ್ಷಿಸಬೇಕಾದದ್ದು ಇದನ್ನು, ಲೀಡರ್‌ನ ಅದೃಷ್ಟವನ್ನಲ್ಲ.

“ನಾನೇ ಟೆಸ್ಟ್ ಮಾಡಿದೆ, ಚೆನ್ನಾಗಿಯೇ ಇತ್ತು” ಎನ್ನುವುದು ಲೀಡರ್ ಮೇಲಿನ ಅನುಮಾನಕ್ಕಿಂತ ಅಪಾಯಕಾರಿ ನಂಬಿಕೆ. ಆರ್‌ಸಿ ಲೂಟ್ ಕೌನ್ಸಿಲ್‌ನಲ್ಲಿ ಟೆಸ್ಟ್ ಕಮಾಂಡ್ ಕೊಟ್ಟರೆ ಸುಳ್ಳು ಲೂಟ್ ಬಂದು ಕಿಟಕಿ ತೆರೆದುಕೊಳ್ಳುತ್ತದೆ, ಬಟನ್‌ಗಳೆಲ್ಲ ಒತ್ತಿದಂತೆ ಕೇಳುತ್ತವೆ. ಒಬ್ಬನೇ ಕೂತು ಮಾಡುವ ಆ ಪರೀಕ್ಷೆ ಅಡುಗೆಯವನೇ ಉಂಡು ಭೇಷ್ ಎಂದ ಹಾಗೆ. ನಿಮ್ಮ ಚೀಲದಲ್ಲಿರುವ ಕತ್ತಿಯ ವಿವರ ನಿಮ್ಮ ಕಂಪ್ಯೂಟರಿಗೆ ಆಗಲೇ ಗೊತ್ತು. ರೇಡ್‌ನಲ್ಲಿ ಮೊದಲ ಸಲ ಬಿದ್ದ ಕತ್ತಿಯ ಹೆಸರು ಕೇಳಿದರೆ ಆಟ ಮೊದಲು ಖಾಲಿ ಉತ್ತರ ಕೊಟ್ಟು, ವಿವರವನ್ನು ಸರ್ವರ್‌ನಿಂದ ತರಿಸಿಕೊಳ್ಳುತ್ತದೆ. ಅಷ್ಟು ಹೊತ್ತು ಕಾಯಲು ಕಲಿಸದ ಆಡ್‌ಆನ್ ಅಲ್ಲೇ ಮುಗ್ಗರಿಸುತ್ತದೆ. ಆಡ್‌ಆನ್‌ಗಳು ಪರಸ್ಪರ ಕಳಿಸುವ ಸಂದೇಶಕ್ಕೂ 255 ಬೈಟ್‌ಗಳ ಮಿತಿಯಿದೆ. ಉದ್ದದ ಪಟ್ಟಿಯನ್ನು ತುಂಡರಿಸಿ ಕಳಿಸಿ, ಆ ಕಡೆ ಜೋಡಿಸಿಕೊಳ್ಳಬೇಕು. ಜರ್ಮನ್ ಭಾಷೆಯಲ್ಲಿ ಆಡುವವನ ಪರದೆಯಲ್ಲಿ ರೋಲ್‌ನ ವಾಕ್ಯವೇ ಬೇರೆ. ಇಂಗ್ಲಿಷ್ ವಾಕ್ಯವನ್ನಷ್ಟೇ ಹುಡುಕುವ ಆಡ್‌ಆನ್ ಅಲ್ಲಿ ಕಿವುಡಾಗುತ್ತದೆ.

ಆಡ್‌ಆನ್ ತಾನೇ ವಸ್ತು ಕೊಟ್ಟುಬಿಡುತ್ತದೆ ಎಂದೂ ಕೆಲವರು ತಿಳಿದಿದ್ದಾರೆ. ಆಟದ ಮುಖ್ಯ (ರಿಟೇಲ್) ಆವೃತ್ತಿಯಲ್ಲಿ, ಲೀಡರ್ ನೇರವಾಗಿ ವಸ್ತು ಹಂಚುವ ಮಾಸ್ಟರ್ ಲೂಟ್ 2018ರಲ್ಲೇ ಹೋಯಿತು. ಈಗ ಅಲ್ಲಿ ವಸ್ತು ಸಿಕ್ಕವನು ಎರಡು ಗಂಟೆಯೊಳಗೆ, ಆ ಬಾಸ್ ಬಿದ್ದಾಗ ಜೊತೆಗಿದ್ದವರಿಗೆ ಮಾತ್ರ, ಟ್ರೇಡ್ ಕಿಟಕಿ ತೆರೆದು ಕೈಯಾರೆ ಕೊಡಬೇಕು.

ಕೊನೆಯದು, ಲೆಕ್ಕವೆಲ್ಲ ಆಗಿಂದಾಗಲೇ ಸೇವ್ ಆಗುತ್ತದೆ ಎಂಬ ಭ್ರಮೆ. ಆಡ್‌ಆನ್ ಬರೆದಿಟ್ಟದ್ದು ಡಿಸ್ಕ್‌ಗೆ ಇಳಿಯುವುದು ಲಾಗ್‌ಔಟ್ ಆದಾಗ ಅಥವಾ ರೀಲೋಡ್ ಮಾಡಿದಾಗ ಮಾತ್ರ. ನಡುವೆ ಆಟ ಕ್ರ್ಯಾಶ್ ಆದರೆ ಅಂದು ರಾತ್ರಿಯ ಲೆಡ್ಜರ್ ನೀರುಪಾಲು. ಮುಂದಿನ ರೇಡ್‌ಗೆ ಮೊದಲು ಐದಾರು ಜನರನ್ನು ಕರೆದು ಪರೀಕ್ಷೆ ಮಾಡಿ, ಒಬ್ಬರ ಬಳಿ ಬೇಕೆಂದೇ ಹಳೆಯ ವರ್ಷನ್ ಇರಲಿ. ಪ್ರತಿ ಬಾಸ್‌ನ ಹಂಚಿಕೆ ಮುಗಿದ ಮೇಲೆ ಲೆಕ್ಕ ಇಡುವವರು ಒಮ್ಮೆ ರೀಲೋಡ್ ಮಾಡುವುದನ್ನು ಮರೆಯಬೇಡಿ.