ಪರದೇಶದಲ್ಲಿ ನಮ್ಮವರ ಗುರುತಿನ ಅಂಕೆಗಳು

ಕೆಂಗೇರಿ ಉಪನಗರದಲ್ಲಿ ಸಾಯಂಕಾಲದ ಹೊತ್ತು ತಿರುಗಾಡಲು ಹೊರಡುವ ಹಿರಿಯರ ಮಾತಿಗೆ ಕಿವಿಗೊಟ್ಟವರು ಒಂದು ಸಂಗತಿಯನ್ನು ಗಮನಿಸದೆ ಇರಲಾರರು. ಮಳೆ ಬೆಳೆ, ಮದುವೆ ಮುಂಜಿಗಳ ವಿಚಾರ ನಡೆಯಬೇಕಾದ ಕಲ್ಲುಬೆಂಚುಗಳ ಮೇಲೆ ಈಗ ವೀಸಾ, ಪಾಸ್‌ಪೋರ್ಟುಗಳ ವಿಚಾರ ನಡೆಯುತ್ತಿರುತ್ತದೆ. ಒಬ್ಬರ ಮಗ ಡಲ್ಲಾಸಿನಲ್ಲಿ, ಇನ್ನೊಬ್ಬರ ಮಗಳು ದುಬೈಯಲ್ಲಿ, ಮತ್ತೊಬ್ಬರ ಅಳಿಯ ಸಿಂಗಪುರದಲ್ಲಿ. ಆದರೆ ಆ ದೇಶಗಳು ನಮ್ಮ ಮಕ್ಕಳಿಗೂ ಅವರನ್ನು ನೋಡಲು ಹೋಗುವ ನಮಗೂ ಕೊಡುವ ಅಂಕೆಗಳ ಅರ್ಥವೇನೆಂದು ವಿಚಾರಿಸುವವರು ವಿರಳ. ಇದರಿಂದ ಒದಗಬಹುದಾದ ತೊಡಕು ಎಂಥದೆಂಬುದನ್ನು ನಮ್ಮ ಬೀದಿಯಲ್ಲಿಯೇ ಕಂಡೆನಾದ ಕಾರಣ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ನಮ್ಮ ಮನೆಗೆ ಮೂರು ಮನೆಯಾಚೆಯ ವೃದ್ಧೆಯೊಬ್ಬರು ಮಗಳ ಬಾಣಂತನಕ್ಕೆಂದು ಒಂದು ಏಪ್ರಿಲಿನಲ್ಲಿ ಅಮೆರಿಕೆಗೆ ಹೊರಟರು. ಹೊರಡುವ ಮುನ್ನ ಪಾಸ್‌ಪೋರ್ಟನ್ನು ನನಗೆ ತೋರಿಸಿ, “ಮೇಷ್ಟ್ರೇ, ವೀಸಾ ಹತ್ತು ವರ್ಷಕ್ಕೆ ಕೊಟ್ಟಿದ್ದಾರೆ. ಮಗುವಿನ ಮೊದಲನೆಯ ಹುಟ್ಟುಹಬ್ಬ ಮುಗಿಸಿಕೊಂಡೇ ಬರುತ್ತೇನೆ” ಎಂದರು. ಹಿಂದಿರುಗುವ ಟಿಕೆಟ್ಟು ಮರುವರ್ಷದ ಜೂನಿಗೆ. ನಾನೂ ತಲೆದೂಗಿದೆ. ನನಗೂ ಅಷ್ಟೇ ತಿಳಿದಿದ್ದುದು.

ವೀಸಾ ಎಂಬುದು ಬಾಗಿಲನ್ನು ತಟ್ಟಲು ಕೊಟ್ಟ ಅನುಮತಿ ಮಾತ್ರ. ಒಳಗೆ ಎಷ್ಟು ದಿನ ಇರಬಹುದೆಂಬುದನ್ನು ನಿರ್ಣಯಿಸುವವನು ವಿಮಾನ ನಿಲ್ದಾಣದಲ್ಲಿ ಎದುರಿಗೆ ಕುಳಿತಿರುವ ಅಧಿಕಾರಿ. ಅವನು ಆ ದಿನವೇ ಒಂದು ಆಗಮನದ ದಾಖಲೆಯನ್ನು ಹುಟ್ಟಿಸುತ್ತಾನೆ. ಅದಕ್ಕೆ ಐ-೯೪ ಎಂದು ಹೆಸರು. ೨೦೧೩ಕ್ಕೆ ಮೊದಲು ಇದು ಪಾಸ್‌ಪೋರ್ಟಿಗೆ ಚುಚ್ಚಿದ ಬಿಳಿಯ ಚೀಟಿಯಾಗಿ ಕಣ್ಣಿಗೆ ಬೀಳುತ್ತಿದ್ದಿತು. ಅಂದಿನಿಂದ ವಿಮಾನದಲ್ಲಿ ಬಂದವರ ದಾಖಲೆ ಸರಕಾರದ ಗಣಕಯಂತ್ರದಲ್ಲಿರುತ್ತದೆಯೇ ಹೊರತು ಕೈಗೆ ಬರುವುದಿಲ್ಲ. ಕಾಣದ ವಸ್ತುವನ್ನು ಮರೆಯುವುದು ಮನುಷ್ಯಸ್ವಭಾವವಷ್ಟೆ. ಹನ್ನೊಂದು ಸ್ಥಾನಗಳ ಆ ಸಂಖ್ಯೆಯ ಜತೆಗೆ “ಇಂಥ ದಿನದ ವರೆಗೆ” ಎಂದು ಬರೆದಿರುವುದೇ ಮುಖ್ಯ. ನೋಡಲು ಹೋದ ತಂದೆತಾಯಿಗಳಿಗೆ ಸಾಮಾನ್ಯವಾಗಿ ಆರು ತಿಂಗಳು. ವೀಸಾ ಇನ್ನೂ ಒಂಬತ್ತು ವರ್ಷ ಬಾಳುವುದಾದರೂ ಈ ದಿನ ದಾಟಿದೊಡನೆ ಇರುವಿಕೆ ಅಕ್ರಮವಾಗುತ್ತದೆ.

ವೃದ್ಧೆಯ ಮಗಳೂ ಅಳಿಯನೂ ಇದನ್ನೇಕೆ ಗಮನಿಸಲಿಲ್ಲವೆಂದು ವಾಚಕರು ಕೇಳಬಹುದು. ಅವರಿಬ್ಬರೂ ವಿದ್ಯಾರ್ಥಿಗಳಾಗಿ ಅಲ್ಲಿಗೆ ಹೋದವರು. ಅವರು ಹೋದ ಕಾಲದಲ್ಲಿ ವಿದ್ಯಾರ್ಥಿಗಳ ಐ-೯೪ರಲ್ಲಿ ದಿನಾಂಕಕ್ಕೆ ಬದಲಾಗಿ ಡಿ/ಎಸ್ ಎಂಬ ಎರಡಕ್ಷರಗಳಿದ್ದುವು. ವ್ಯಾಸಂಗ ನಡೆಯುವ ವರೆಗೆ ಇರಬಹುದೆಂದು ಅದರ ಅರ್ಥ. ತಮ್ಮ ಅನುಭವವನ್ನೇ ತಾಯಿಗೂ ಅನ್ವಯಿಸಿದರು. ಆಗಸ್ಟಿನಲ್ಲಿ ಆರೋಗ್ಯವಿಮೆಯನ್ನು ಮುಂದುವರಿಸಲು ಹೋದಾಗ ಅಲ್ಲಿಯ ಗುಮಾಸ್ತೆ ಐ-೯೪ರ ದಿನಾಂಕ ಕೇಳಿದಳು. ಹುಡುಕಿದರೆ ಅಕ್ಟೋಬರು ತಿಂಗಳು! ಜೂನಿನ ವರೆಗೆ ಅವರು ಅಲ್ಲಿದ್ದಿದ್ದರೆ ಎಂಟು ತಿಂಗಳು ಮೀರಿದಂತಾಗುತ್ತಿದ್ದಿತು. ಒಂದು ದಿನ ಮೀರಿದರೂ ವೀಸಾ ರದ್ದಾಗುವುದು. ೧೮೦ ದಿನಕ್ಕಿಂತ ಹೆಚ್ಚು ಮೀರಿ ಹೊರಟುಬಂದವರಿಗೆ ಮೂರು ವರ್ಷ, ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ಮೀರಿದವರಿಗೆ ಹತ್ತು ವರ್ಷ ಆ ದೇಶದ ಬಾಗಿಲು ಮುಚ್ಚುವುದು. ಎಪ್ಪತ್ತಕ್ಕೆ ಸಮೀಪಿಸಿದವರಿಗೆ ಹತ್ತು ವರ್ಷವೆಂದರೇನು?

ಆ ದಾಖಲೆಯನ್ನು ಹುಡುಕಿದ ಕಥೆಯೇ ಬೇರೆ. ಅಮೆರಿಕೆಯ ಗಡಿರಕ್ಷಣೆಯ ಇಲಾಖೆಯ ಜಾಲತಾಣದಲ್ಲಿ ಹೆಸರು, ಜನ್ಮದಿನ, ಪಾಸ್‌ಪೋರ್ಟಿನ ಸಂಖ್ಯೆಗಳನ್ನು ಬರೆದರೆ ಅದು ಹಣವಿಲ್ಲದೆ ದೊರೆಯತಕ್ಕದ್ದು. ಹಣ ಕೇಳುವ ತಾಣಗಳೂ ಇವೆ, ಅವು ಸರಕಾರದವಲ್ಲ. ಮಗಳು ತಾಯಿಯ ಹೆಸರು ಬರೆದಳು. “ದಾಖಲೆಯಿಲ್ಲ” ಎಂದು ಉತ್ತರ ಬಂದಿತು. ಮತ್ತೆ ಬರೆದಳು, ಅದೇ ಉತ್ತರ. ಆ ತಾಯಿಯ ಪಾಸ್‌ಪೋರ್ಟಿನಲ್ಲಿರುವುದು ಒಂದೇ ಹೆಸರು. ಹಳೆಯ ಮೈಸೂರು ಸೀಮೆಯ ನಮಗೆ ವಂಶನಾಮವೆಂಬುದು ಎಲ್ಲಿಂದ ಬರಬೇಕು? ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ, ಆಮೇಲೆ ನಮ್ಮ ಹೆಸರು. ಪಾಶ್ಚಾತ್ಯರ ಕಾಗದದಲ್ಲಾದರೋ ಎರಡು ಮನೆಗಳಿರಲೇಬೇಕು. ಒಂದೇ ಹೆಸರಿನವರು ಬಂದಾಗ ಆ ಹೆಸರನ್ನು ವಂಶನಾಮದ ಮನೆಗೆ ನೂಕಿ, ಸ್ವಂತ ಹೆಸರಿನ ಮನೆಯಲ್ಲಿ ಎಫ್‌.ಎನ್‌.ಯು. ಎಂದು ಬರೆಯುತ್ತಾರೆ, “ಮೊದಲ ಹೆಸರು ತಿಳಿಯದು” ಎಂಬುದರ ಮೊದಲಕ್ಷರಗಳವು. ಹೀಗೆ ನಮ್ಮ ಕಡೆಯ ಎಷ್ಟೋ ಮಂದಿ ಅಲ್ಲಿ “ಫ್ನೂ” ಎಂದು ಕರೆಯಿಸಿಕೊಂಡು ಬಂದಿದ್ದಾರೆ. ಆ ಮೂರಕ್ಷರಗಳನ್ನು ತುಂಬಿದ ಮೇಲೆಯೇ ವೃದ್ಧೆಯ ದಾಖಲೆ ಸಿಕ್ಕಿದುದು.

ಹೆಸರು ಹೀಗೆ ಅತ್ತಿತ್ತ ಜಾರುವಾಗ ಮನುಷ್ಯನನ್ನು ಹಿಡಿದು ನಿಲ್ಲಿಸುವುದು ಅಂಕೆಯೇ. ಆದುದರಿಂದ ಯಾವ ಅಂಕೆ ಮನುಷ್ಯನದು, ಯಾವುದು ಕಾಗದದ್ದು, ಯಾವುದು ಒಂದು ಪ್ರಯಾಣದ್ದು ಎಂಬ ವಿವೇಚನೆ ಬೇಕು. ಕೆಂಗೇರಿಯಿಂದ ಮೆಜೆಸ್ಟಿಕ್ಕಿಗೆ ಹೋಗುವಾಗ ಕೊಂಡ ಬಸ್ಸಿನ ಚೀಟಿಯಂತೆ ಐ-೯೪. ಪ್ರತಿ ಪ್ರವೇಶಕ್ಕೂ ಹೊಸ ಸಂಖ್ಯೆ. ಪಾಸ್‌ಪೋರ್ಟಿನ ಸಂಖ್ಯೆ ಆ ಪುಸ್ತಕದ್ದು. ಹೊಸ ಪುಸ್ತಕ ಬಂದರೆ ಬೇರೆಯದಾಗುವುದು. ಹಳೆಯ ಪುಸ್ತಕದಲ್ಲಿ ಅವಧಿ ಮುಗಿಯದ ವೀಸಾ ಇದ್ದರೆ ಎರಡನ್ನೂ ಒಯ್ಯಬೇಕು. ವೀಸಾ ಹಾಳೆಯ ಬಲಗಡೆ ಕೆಳಗೆ ಕೆಂಪು ಬಣ್ಣದಲ್ಲಿರುವುದು ವೀಸಾದ ಸಂಖ್ಯೆ. ಮೇಲಿನದನ್ನು ನೋಡಿ ಬರೆದು ತಪ್ಪುವವರು ಅನೇಕರು.

ಮನುಷ್ಯನಿಗೇ ಅಂಟಿಕೊಳ್ಳುವ ಅಂಕೆ ಅಮೆರಿಕೆಯಲ್ಲಿ ಇನ್ನೊಂದಿದೆ. ‘ಎ’ ಎಂಬ ಅಕ್ಷರ, ಅದರ ಮುಂದೆ ಏಳರಿಂದ ಒಂಬತ್ತು ಅಂಕೆಗಳು. ಹಸುರು ಕಾರ್ಡು ಪಡೆದು ಅಲ್ಲಿ ನೆಲೆಯೂರಿದವರಿಗೆಲ್ಲ ಇದಿರುತ್ತದೆ. ನಂಟರನ್ನು ನೋಡಿ ಬರುವ ನಮ್ಮಂಥವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಕಾರ್ಡು ಹತ್ತು ವರ್ಷಕ್ಕೊಮ್ಮೆ ಹೊಸದಾದರೂ ಈ ಅಂಕೆ ಬದಲಾಗದು. ಮುಂದೆ ಅವರು ಆ ದೇಶದ ಪೌರರಾದಾಗ ಕೊಡುವ ಪ್ರಮಾಣಪತ್ರದ ಮೇಲೂ ಅದೇ ಇರುತ್ತದೆ. ಜನ್ಮನಕ್ಷತ್ರದಂತೆ ಎನ್ನಬಹುದು. ಇದರ ಹುಟ್ಟು ಮಾತ್ರ ಮಂಗಳಕರವಾದುದಲ್ಲ. ಮಹಾಯುದ್ಧದ ಭೀತಿಯಲ್ಲಿ ೧೯೪೦ರಲ್ಲಿ ಅಮೆರಿಕೆ ಒಂದು ಶಾಸನ ಮಾಡಿ, ಹದಿನಾಲ್ಕು ವರ್ಷ ಮೀರಿದ ಪರದೇಶೀಯರೆಲ್ಲರೂ ಅಂಚೆ ಕಚೇರಿಗೆ ಹೋಗಿ ಬೆರಳಿನ ಗುರುತು ಕೊಟ್ಟು ಹೆಸರು ಬರೆಯಿಸಬೇಕೆಂದು ವಿಧಿಸಿತು. ಸುಮಾರು ಐವತ್ತು ಲಕ್ಷ ಮಂದಿ ಬರೆಯಿಸಿಕೊಂಡರು. ಆಗ ಅಲ್ಲಿದ್ದ ಭಾರತೀಯರಿಗೆ ಅಂಕೆ ದೊರೆಯಿತೇ ಹೊರತು ಪೌರತ್ವ ದೊರೆಯುವಂತಿರಲಿಲ್ಲ. ಅದಕ್ಕೆ ಅವಕಾಶ ಕೊಟ್ಟ ಕಾನೂನು ೧೯೪೬ರಲ್ಲಿ ಬಂದಿತು, ಅದೂ ಹೊಸದಾಗಿ ಬರುವವರು ವರ್ಷಕ್ಕೆ ನೂರು ಮಂದಿ ಮಾತ್ರ ಎಂಬ ಮಿತಿಯೊಡನೆ. ಎಣಿಸುವುದರಲ್ಲಿದ್ದ ಆತುರ ಸೇರಿಸಿಕೊಳ್ಳುವುದರಲ್ಲಿ ಇರಲಿಲ್ಲ.

ಅರಬರ ನಾಡಿನಲ್ಲಿ ನಮ್ಮ ಕರಾವಳಿಯವರು ಬಹುಮಂದಿ ಇರುವರಷ್ಟೆ. ದುಬೈ, ಅಬುಧಾಬಿಗಳ ನಿವಾಸಿಗಳಿಗೆ ಕೊಡುವ ಎಮಿರೇಟ್ಸ್ ಕಾರ್ಡಿನಲ್ಲಿ ಹದಿನೈದು ಅಂಕೆಗಳು. ಮೊದಲ ಮೂರು ಯಾವಾಗಲೂ ೭೮೪, ಅದು ಆ ದೇಶದ ಗುರುತು. ಮುಂದಿನ ನಾಲ್ಕು ಹುಟ್ಟಿದ ವರ್ಷ. ವಯಸ್ಸನ್ನು ಮುಚ್ಚಿಡಬೇಕೆನ್ನುವವರಿಗೆ ಇದು ಅನುಕೂಲವಲ್ಲ! ಕೊನೆಯ ಅಂಕೆ ಉಳಿದವುಗಳಿಂದ ಲೆಕ್ಕಹಾಕಿ ತೆಗೆದದ್ದು. ನಡುವೆ ಒಂದನ್ನು ತಪ್ಪಾಗಿ ಬರೆದರೆ ತಾಳೆಬೀಳದೆ ತಪ್ಪು ಬಯಲಾಗುತ್ತದೆ. ಸಿಂಗಪುರದ ಸಂಖ್ಯೆಯ ಕೊನೆಯ ಅಕ್ಷರವೂ ಇಂಥದೇ. ಸೌದಿ ಅರೇಬಿಯದಲ್ಲಿ ಹತ್ತು ಅಂಕೆ. ಒಂದರಿಂದ ಆರಂಭವಾದರೆ ಪೌರ, ಎರಡರಿಂದ ಆರಂಭವಾದರೆ ಪರದೇಶಿ.

ಹಾಗಾದರೆ ನಮ್ಮಲ್ಲಿಗೆ ಬಂದವರನ್ನು ನಾವು ಹೇಗೆ ಗುರುತಿಸುತ್ತೇವೆ? ಮೈಸೂರು ರಸ್ತೆಯ ಉದ್ದಕ್ಕೂ ಕಾಲೇಜುಗಳಿರುವುದರಿಂದ ಕೆಂಗೇರಿಯ ಸುತ್ತಿನಲ್ಲಿ ಪರದೇಶದ ವಿದ್ಯಾರ್ಥಿಗಳು ಆಗಾಗ ಕಣ್ಣಿಗೆ ಬೀಳುವರು. ನೂರೆಂಬತ್ತು ದಿನಕ್ಕೆ ಮೀರಿದ ವೀಸಾದಲ್ಲಿ ಬಂದವರು ಹದಿನಾಲ್ಕು ದಿನದೊಳಗೆ ಪರದೇಶೀಯರ ಪ್ರಾದೇಶಿಕ ನೋಂದಣಿ ಅಧಿಕಾರಿಯಲ್ಲಿ ಹೆಸರು ದಾಖಲು ಮಾಡಿಸಬೇಕು. ೨೦೧೮ರಿಂದ ಈ ಕೆಲಸ ಬಹುಮಟ್ಟಿಗೆ ಮನೆಯಿಂದಲೇ ಗಣಕಯಂತ್ರದ ಮೂಲಕ ನಡೆಯುತ್ತದೆ. ನೋಂದಣಿಗೆ ಆಧಾರವಾಗಿದ್ದ ೧೯೩೯ರ ಶಾಸನ ಎಂಬತ್ತಾರು ವರ್ಷ ನಡೆದು, ೨೦೨೫ರ ಸೆಪ್ಟೆಂಬರು ಒಂದರಿಂದ ಹೊಸ ಶಾಸನಕ್ಕೆ ಎಡೆಮಾಡಿಕೊಟ್ಟಿತು. ಗೃಹಿಣಿಯರು ಗಮನಿಸತಕ್ಕ ಮಾತೊಂದಿದೆ. ಮಹಡಿಯ ಕೊಠಡಿಯನ್ನು ಪರದೇಶದ ಹುಡುಗನಿಗೆ ಬಾಡಿಗೆಗೆ ಕೊಟ್ಟರೆ, ಅವನು ಬಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಸರಕಾರಕ್ಕೆ ತಿಳಿಸಬೇಕಾದವರು ಮನೆಯವರೇ. ಅವನಲ್ಲಿ ಆಧಾರ್ ಕಾರ್ಡು ಇದೆಯೆಂದು ಸುಮ್ಮನಿರುವಂತಿಲ್ಲ. ಹನ್ನೆರಡು ತಿಂಗಳಲ್ಲಿ ೧೮೨ ದಿನ ಇಲ್ಲಿ ವಾಸಿಸಿದ ಪರದೇಶೀಯರಿಗೂ ಅದು ದೊರೆಯುವುದುಂಟು. ಅದು ವಾಸಿಯ ಗುರುತು, ಪೌರತ್ವದ ಪ್ರಮಾಣವಲ್ಲ.

ಆ ವೃದ್ಧೆ ಅಕ್ಟೋಬರಿನಲ್ಲಿಯೇ ಹಿಂದಿರುಗಿದರು. ಅವಧಿ ಮುಗಿಯುವ ಮುನ್ನ ಅರ್ಜಿ ಕೊಟ್ಟು ಇನ್ನಷ್ಟು ದಿನ ಕೇಳಬಹುದೆಂದು ಅಳಿಯ ಹೇಳಿದನಂತೆ. “ಕೊಡುವರೋ ಇಲ್ಲವೋ ಎಂದು ಬಾಗಿಲಲ್ಲಿ ನಿಂತು ಕಾಯಲಾರೆ” ಎಂದು ಅವರು ಒಪ್ಪಲಿಲ್ಲ. ಟಿಕೆಟ್ಟಿನ ದಿನ ಬದಲಿಸಲು ತೆತ್ತ ಹಣ ಹೋಯಿತು. ಮಗುವಿನ ಹುಟ್ಟುಹಬ್ಬವನ್ನು ಕೆಂಗೇರಿಯ ಮನೆಯಲ್ಲಿ ಕೈಯಲ್ಲಿ ಹಿಡಿಯುವ ದೂರವಾಣಿಯ ಪರದೆಯ ಮೇಲೆ ನೋಡಿದರು. ನಾವು ನಾಲ್ಕಾರು ಮಂದಿ ಪಕ್ಕದಲ್ಲಿ ಕುಳಿತು ಪಾಯಸ ಉಂಡೆವು. ಮೊನ್ನೆ ಅವರು ಮತ್ತೊಮ್ಮೆ ಹೊರಡುವ ಸನ್ನಾಹದಲ್ಲಿದ್ದರು. ಸಂಸಾರದ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ, ಹಾಲಿನವನ ಲೆಕ್ಕದ ಕೆಳಗೆ, ದುಂಡಾದ ಅಕ್ಷರದಲ್ಲಿ ಹೀಗೆ ಬರೆದುಕೊಂಡಿದ್ದರು: “ಇಳಿದ ದಿನವೇ ಐ-೯೪ ತೆಗೆಸುವುದು. ಹೆಸರು ಕೇಳಿದರೆ ಎಫ್‌.ಎನ್‌.ಯು.” ಅದರ ಕೆಳಗೆ ದಿನಾಂಕಕ್ಕೆಂದು ಒಂದು ಸಾಲು ಖಾಲಿ ಬಿಟ್ಟಿದ್ದರು.