ಯಾವೂರ ಕೊಟ್ರೇಶ?

ಜೂನ್ ತಿಂಗಳು ಬಂತೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಕಾಲೇಜುಗಳಿಗೆ ಸುತ್ತಲಿನ ಹಳ್ಳಿಗಳಿಂದ ಹುಡುಗ ಹುಡುಗಿಯರು ಬಂದಿಳಿಯುತ್ತಾರೆ. ಮೊದಲ ದಿನವೇ ಹತ್ತಿಪ್ಪತ್ತು ಜನರ ಪರಿಚಯ. ಸಂಜೆ ತಾಯಿ, 'ನಿನ್ನ ಪಕ್ಕದಾಗ ಯಾರು ಕುಂತಿದ್ರಪ್ಪಾ?' ಎಂದು ಕೇಳಿದರೆ ಮಗ ತಲೆ ಕೆರೆದುಕೊಳ್ಳುತ್ತಾನೆ. ಮುಖ ಕಣ್ಣ ಮುಂದಿದೆ, ಹೆಸರು ಜಾರಿಹೋಗಿದೆ. 'ಇದೇ ನೆನಪಿಲ್ಲ ಅಂದ್ರ ಪಾಠ ಏನು ನೆನಪಿಡ್ತೀಯೋ' ಎಂದು ತಂದೆ ಗದರುವುದೂ ಉಂಟು.

ಹಾಗೆ ಗದರುವುದು ಸರಿಯಲ್ಲ. ಹೆಸರು ಮರೆಯುವುದು ದಡ್ಡತನದ ಲಕ್ಷಣವೇನೂ ಅಲ್ಲ.

ಬಡಿಗರು ಮತ್ತು ಬಡಿಗೇರ

1987ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಅಪರಿಚಿತ ಮುಖಗಳನ್ನು ತೋರಿಸಿ ಅವರ ಹೆಸರು, ಉದ್ಯೋಗ ಎರಡನ್ನೂ ಕಲಿಸಿದಾಗ, ಉದ್ಯೋಗ ಉಳಿದಷ್ಟು ಸುಲಭವಾಗಿ ಹೆಸರು ಉಳಿಯಲಿಲ್ಲ. ಒಂದೇ ಪದವನ್ನು ಒಬ್ಬರ ಉದ್ಯೋಗವೆಂದೂ ಇನ್ನೊಬ್ಬರ ಹೆಸರೆಂದೂ ಹೇಳಿದಾಗಲೂ ಫಲಿತಾಂಶ ಅದೇ!

ನಮ್ಮ ಕಡೆಯ ಉದಾಹರಣೆ ನೋಡಿ. 'ಇವರು ಬಡಿಗರು' ಎಂದರೆ ಉಳಿ, ಬಾಚಿ, ಕಟ್ಟಿಗೆಯ ಹೊಟ್ಟು ಎಲ್ಲವೂ ಮನಸ್ಸಿಗೆ ಬರುತ್ತವೆ. 'ಇವರು ಬಡಿಗೇರ ಅವರು' ಎಂದರೆ ಅದು ಬರೀ ಶಬ್ದ. ಅವರು ಬ್ಯಾಂಕಿನಲ್ಲಿರಬಹುದು, ಶಾಲೆಯಲ್ಲಿರಬಹುದು. ಹಿಡಿದುಕೊಳ್ಳಲು ಗೂಟವಿಲ್ಲದ ಕಾರಣ ಹೆಸರು ಜಾರುತ್ತದೆ.

ಎಷ್ಟೋ ಸಲ ನಾವು ಹೆಸರನ್ನು ಮರೆತಿರುವುದಿಲ್ಲ, ಕೇಳಿಸಿಕೊಂಡೇ ಇರುವುದಿಲ್ಲ. ತರಗತಿಯಲ್ಲಿ ಸಾಲಾಗಿ ಪರಿಚಯ ಹೇಳುವಾಗ, ನಮ್ಮ ಸರದಿಗೆ ಸ್ವಲ್ಪ ಮುಂಚೆ ಮಾತಾಡಿದವರದು ನೆನಪಿರುವುದಿಲ್ಲ. ಆಗ ನಮ್ಮ ಮನಸ್ಸೆಲ್ಲ ನಮ್ಮ ಮಾತಿನ ತಯಾರಿಯಲ್ಲಿರುತ್ತದೆ. 1973ರಲ್ಲಿ ಬ್ರೆನ್ನರ್ ಎಂಬ ಸಂಶೋಧಕ ಇದನ್ನು ಪ್ರಯೋಗದಿಂದಲೇ ತೋರಿಸಿದ.

ನಮ್ಮ ಸೀಮೆಯ ಅನುಕೂಲ

2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಈ ಐದೂ ತಾಲ್ಲೂಕುಗಳಲ್ಲಿ ಹೆಸರಿಗೆ ಗೂಟ ಹುಡುಕುವುದು ಕಷ್ಟವಲ್ಲ. ಇಲ್ಲಿನ ಅನೇಕ ಹೆಸರುಗಳ ಹಿಂದೆ ಒಂದು ಕ್ಷೇತ್ರವಿದೆ. ಕೊಟ್ರೇಶ, ಕೊಟ್ರಮ್ಮ ಎಂದರೆ ಕೊಟ್ಟೂರೇಶ್ವರ. ಮೈಲಾರಪ್ಪ ಎಂದರೆ ಹಡಗಲಿ ತಾಲ್ಲೂಕಿನ ಮೈಲಾರಲಿಂಗ. ಉಚ್ಚೆಂಗೆಮ್ಮ ಎಂದರೆ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗ. ಮರುಳಸಿದ್ದಪ್ಪ ಎಂದೊಡನೆ ಉಜ್ಜಿನಿ ಪೀಠ. ಹೆಸರು ಕೇಳಿದ ಕೂಡಲೇ ಮೈಲಾರದ ಕಾರಣಿಕದ ಬಿಲ್ಲನ್ನೋ ಕೊಟ್ಟೂರಿನ ತೇರನ್ನೋ ಆ ಮುಖದ ಪಕ್ಕದಲ್ಲಿ ಕಲ್ಪಿಸಿಕೊಳ್ಳಿ. ಬರೀ ಶಬ್ದಕ್ಕೆ ಚಿತ್ರ ಸಿಕ್ಕಂತಾಯಿತು.

ಆದರೆ ಅನುಕೂಲವೇ ತೊಡಕೂ ಹೌದು. ಒಂದೇ ತರಗತಿಯಲ್ಲಿ ಮೂವರು ಕೊಟ್ರೇಶರಿದ್ದರೆ? ಹೆಸರು ನೆನಪಿರುತ್ತದೆ, ಯಾರದೆಂದು ತಿಳಿಯುವುದಿಲ್ಲ. ಆಗ ಊರು ನೆರವಿಗೆ ಬರುತ್ತದೆ. ಚಿಗಟೇರಿ ಕೊಟ್ರೇಶ, ಉಜ್ಜಿನಿ ಕೊಟ್ರೇಶ, ಗುಡೇಕೋಟೆ ಕೊಟ್ರೇಶ. ಗುಡೇಕೋಟೆಗೆ ಕರಡಿಧಾಮ, ಹಡಗಲಿಗೆ ಮಲ್ಲಿಗೆ ಎಂದು ಊರಿಗೂ ಒಂದು ಚಿತ್ರ ಸೇರಿಸಬಹುದು. ಆದರೆ ಈ ಚಿತ್ರ ನಿಮ್ಮ ಮನಸ್ಸಿನಲ್ಲಿಯೇ ಇರಲಿ. ಪಾಪ, ಆ ಹುಡುಗನಿಗೆ 'ಕರಡಿ' ಎಂಬ ಅಡ್ಡಹೆಸರು ಅಂಟದಿರಲಿ!

ಹೀಗೆ ಮಾಡಿ ನೋಡಿ

* ಹೆಸರು ಸರಿಯಾಗಿ ಕೇಳಿಸದಿದ್ದರೆ ಆಗಲೇ ಮತ್ತೊಮ್ಮೆ ಕೇಳಿ. ಮೊದಲ ದಿನ ಕೇಳಲು ಸಂಕೋಚವಿಲ್ಲ. ಮೂರು ತಿಂಗಳ ಮೇಲೆ ಕೇಳುವುದು ಕಷ್ಟ.
* 'ಹೌದೇನು ಮೈಲಾರಪ್ಪ, ಯಾವೂರು ನಿಂದು?' ಎಂದು ಮಾತಿನಲ್ಲಿಯೇ ಹೆಸರು ಬಳಸಿ. ಹಿರಿಯರಾದರೆ ಹೆಸರಿನ ಜೊತೆ 'ಅಣ್ಣ', 'ಅಕ್ಕ', ಗುರುಗಳಾದರೆ 'ಸರ್', 'ಮೇಡಂ' ಸೇರಿಸಿ.
* ಒಂದು ನಿಮಿಷ ಬಿಟ್ಟು ಹೆಸರನ್ನು ಮನಸ್ಸಿನಲ್ಲಿ ನೆನೆಯಿರಿ. ಮತ್ತೆ ಹತ್ತು ನಿಮಿಷಕ್ಕೆ, ಮತ್ತೆ ಬಸ್ಸಿನಲ್ಲಿ, ಮತ್ತೆ ಮಲಗುವ ಮುನ್ನ. ಹೀಗೆ ಅಂತರ ಹೆಚ್ಚಿಸುತ್ತ ನೆನೆದರೆ ಹೆಸರು ಚೆನ್ನಾಗಿ ಉಳಿಯುತ್ತದೆಂದು ಲಾಂಡಾವರ್ ಮತ್ತು ಬ್ಯೋರ್ಕ್ 1978ರಲ್ಲಿ ತೋರಿಸಿದರು. ಪಾಠಕ್ಕೂ ಇದೇ ಉಪಾಯ ನಡೆಯುತ್ತದೆ.
* ಸಂಜೆ ಪುಸ್ತಕ ನೋಡದೆ ಐದು ಹೆಸರು ಬರೆಯಿರಿ. ಪಾಲಕರು 'ಇವತ್ತು ಯಾರ ಪರಿಚಯ ಆಯ್ತು?' ಎಂದು ಊಟದ ಹೊತ್ತಿಗೆ ಕೇಳಿದರೂ ಸಾಕು.

ಹೆಸರೇ ಮರ್ಯಾದೆ

ಇದು ಬರೀ ಜ್ಞಾಪಕಶಕ್ತಿಯ ಮಾತಲ್ಲ. ಹಾಸ್ಟೆಲಿಗೆ ಹೊಸದಾಗಿ ಬಂದ ಹುಡುಗನ ಹೆಸರು ಯಾರಿಗೂ ನೆನಪಿಲ್ಲದಿದ್ದರೆ ಏನಾಗುತ್ತದೆ? 'ಏ ಕುಳ್ಳ', 'ಏ ಕರಿಯ', 'ಏ ಸೋಡಾ ಬುಡ್ಡಿ' ಎಂಬ ಕೂಗು ಶುರುವಾಗುತ್ತದೆ. ಕೆಲವೆಡೆ ಜಾತಿಯೇ ಹೆಸರಾಗುತ್ತದೆ. ಮನೆಬಿಟ್ಟು ಬಂದ ಮಗು ಅದನ್ನು ನುಂಗಿಕೊಂಡು ಮುದುಡುತ್ತದೆ; ಕಾಲೇಜೇ ಬೇಡವೆಂದು ಊರಿಗೆ ಮರಳಿದರೂ ಆಶ್ಚರ್ಯವಿಲ್ಲ. ಆದ್ದರಿಂದ ಊರು ಕೇಳುವುದು ಗುರುತಿಗಾಗಿ ಇರಲಿ, ಕುಲ ಕೆದಕುವುದಕ್ಕಲ್ಲ.

ಹೆತ್ತವರು ದೇವರನ್ನು ನೆನೆದು, ತೊಟ್ಟಿಲಲ್ಲಿ ಹಾಕಿ, ಕಿವಿಯಲ್ಲಿ ಕೂಗಿ ಇಟ್ಟ ಹೆಸರದು. ಎರಡನೆಯ ದಿನ ತರಗತಿಯ ಬಾಗಿಲಲ್ಲಿ ಯಾರಾದರೂ ಅದೇ ಹೆಸರಿನಿಂದ ಕರೆದರೆ, ಹೊಸ ಊರಿನ ಅರ್ಧ ಅಂಜಿಕೆ ಅಲ್ಲಿಯೇ ಕಳೆಯುತ್ತದೆ.