ಒಂದು ಹಿಡಿ ಅಕ್ಕಿ, ಒಂದು ಬೀದಿಯ ಅರಿವು



ಸಂಘದ ಸಭೆಗಳಲ್ಲಿ ನಾವು ಆಗಾಗ ಒಂದು ಪ್ರಶ್ನೆ ಕೇಳುತ್ತೇವೆ: "ನಿಮ್ಮ ಬೀದಿಯಲ್ಲಿ ನಿನ್ನೆ ರಾತ್ರಿ ಒಲೆ ಹಚ್ಚದ ಮನೆ ಯಾವುದು?" ತಕ್ಷಣ ಬರುವ ಉತ್ತರ, "ನಮ್ಮ ಬೀದೀಲಿ ಅಂಥವರು ಯಾರೂ ಇಲ್ಲ ಸಿಸ್ಟರ್." ಸ್ವಲ್ಪ ಹೊತ್ತು ಕಾದರೆ ಹಿಂದಿನಿಂದ ಯಾರೋ ಮೆಲ್ಲಗೆ ಹೇಳುತ್ತಾರೆ, "ಆ ಮೂಲೆಮನೆ ಅಜ್ಜಿ ಇದಾರಲ್ಲ..." ಬಡತನ ದೂರದಲ್ಲಿಲ್ಲ. ನೋಡಿ ನೋಡಿ ನಮಗೆ ಅದು ಕಾಣದಂತಾಗಿದೆ, ಅಷ್ಟೆ.

ಹತ್ತಿರದ ಬಡತನವನ್ನು ಜನರ ಗಮನಕ್ಕೆ ತಂದು, ಅವರಿಂದಲೇ ನೆರವು ಕೂಡಿಸುವ ಕೆಲಸಕ್ಕೆ ಅಭಿಯಾನ ಎನ್ನುತ್ತೇವೆ. ಇದಕ್ಕೆ ದೊಡ್ಡ ಸಂಸ್ಥೆಯೇ ಬೇಕೆಂದಿಲ್ಲ.

ಹೈದರಾಬಾದಿನ ಬಕೆಟ್

2014ರಲ್ಲಿ ಅಮೆರಿಕಾದಲ್ಲಿ, ಎ.ಎಲ್.ಎಸ್. ಎಂಬ ನರರೋಗದ ಸಂಶೋಧನೆಗೆ ಹಣ ಕೂಡಿಸಲು ಜನ ತಲೆಯ ಮೇಲೆ ಒಂದು ಬಕೆಟ್ ಐಸ್ ನೀರು ಸುರಿದುಕೊಂಡು ಇತರರಿಗೂ ಸವಾಲು ಹಾಕುತ್ತಿದ್ದರು. ಉದ್ದೇಶ ಒಳ್ಳೆಯದೇ. ಆದರೆ ಕೊಡ ಹಿಡಿದು ನಲ್ಲಿಯ ಮುಂದೆ ಕಾಯುವ ನಮಗೆ ಆ ನೀರು ಕಂಡರೆ ಹೊಟ್ಟೆ ಚುರ್ ಎನ್ನುವುದಿಲ್ಲವೇ? ಅದೇ ಆಗಸ್ಟ್‌ನಲ್ಲಿ ಹೈದರಾಬಾದಿನ ಪತ್ರಕರ್ತೆ ಮಂಜುಲತಾ ಕಲಾನಿಧಿಯವರು ನೀರಿನ ಬದಲು ಅಕ್ಕಿ ಎಂದರು. ಒಂದು ಬಕೆಟ್ ಅಕ್ಕಿಯನ್ನೋ ಅನ್ನವನ್ನೋ ನಿಮ್ಮ ಹತ್ತಿರದ ಬಡವರಿಗೆ ಕೊಡಿ, ಸ್ನೇಹಿತರಿಗೂ ಹೇಳಿ. ಇಷ್ಟೇ ಅವರ 'ರೈಸ್ ಬಕೆಟ್ ಚಾಲೆಂಜ್'. ಫೇಸ್‌ಬುಕ್ ಮೂಲಕ ಕೆಲವೇ ದಿನಗಳಲ್ಲಿ ಸಾವಿರಾರು ಜನ ಅದಕ್ಕೆ ಓಗೊಟ್ಟರು.

ಇದರಲ್ಲಿ ಒಂದು ಗುಟ್ಟಿದೆ. ಅಕ್ಕಿ ಕೊಡಬೇಕಾದರೆ ಮೊದಲು "ಯಾರಿಗೆ?" ಎಂದು ಹುಡುಕಬೇಕು. ಆ ಹುಡುಕಾಟವೇ ಅರಿವು.

ಹಿಡಿ ಅಕ್ಕಿಯ ಶಕ್ತಿ

ಹಿಡಿ ಅಕ್ಕಿ ಎತ್ತಿಡುವುದು ಹೆಂಗಸರಿಗೆ ಹೊಸದಲ್ಲ. ಮಿಜೋರಾಂನ ಕ್ರೈಸ್ತ ಮಹಿಳೆಯರು 1910ರಿಂದಲೂ ಪ್ರತಿ ಸಲ ಅಡುಗೆಗೆ ಮುಂಚೆ ಒಂದು ಹಿಡಿ ಅಕ್ಕಿಯನ್ನು ಚರ್ಚಿನ ಕೆಲಸಕ್ಕೆಂದು ತೆಗೆದಿಡುತ್ತಾ ಬಂದಿದ್ದಾರೆ. ಇಂದು ಅದನ್ನು ಮಾರಿದ ಹಣ ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ನಮ್ಮ ಸಂಘದಲ್ಲಿ ಹೇಗೆ?

1. ಮೊದಲು ಪಟ್ಟಿ, ಆಮೇಲೆ ಡಬ್ಬಿ. ಇಬ್ಬಿಬ್ಬರು ಜೊತೆಯಾಗಿ ಮನೆಮನೆಗೆ ಹೋಗಿ. ರೇಷನ್ ಬರುತ್ತಿದೆಯೇ, ಪಿಂಚಣಿ ಬರುತ್ತಿದೆಯೇ, ದುಡಿಯುವವರು ಯಾರು ಎಂದು ಮಾತಾಡಿಸಿ. ವಿಚಾರಣೆ ಮಾಡಿದಂತೆ ಇರಬಾರದು.

2. ಪ್ರತಿ ಮನೆಯಲ್ಲೂ ಒಂದು ಡಬ್ಬಿ ಇಡಿ. ದಿನಕ್ಕೆ ಒಂದು ಹಿಡಿ ಅಕ್ಕಿ, ಇಲ್ಲವೇ ಒಂದು ರೂಪಾಯಿ. ವಾರದ ಸಭೆಯಲ್ಲಿ ಎಲ್ಲರೆದುರು ಅಳೆಯಿರಿ, ಎಣಿಸಿರಿ.

3. ಈ ಲೆಕ್ಕವನ್ನು ಉಳಿತಾಯದ ಲೆಕ್ಕದೊಂದಿಗೆ ಬೆರೆಸಬೇಡಿ. ಬೇರೆ ಪುಸ್ತಕ, ಇಬ್ಬರ ಸಹಿ, ಹೊರಗಿನವರು ಕೊಟ್ಟದ್ದಕ್ಕೆ ರಸೀದಿ. ಲೆಕ್ಕ ಓದಿ ಹೇಳಿದರೆ ಮುಂದಿನ ಸಲ ಜನ ತಾವಾಗಿಯೇ ಕೊಡುತ್ತಾರೆ.

4. ತೆಗೆದುಕೊಳ್ಳುವವರ ಫೋಟೋ ಬೇಡ. ವೇದಿಕೆಗೆ ಕರೆದು ಕೈಗಿಡುವುದೂ ಬೇಡ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುವುದು ಅವರ ಮಾನ ಉಳಿಸುವ ಮಾತೂ ಹೌದು.

5. ಅಕ್ಕಿ ಇಂದಿಗೆ, ಹಕ್ಕು ನಾಳೆಗೆ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಅಂತ್ಯೋದಯ ಕಾರ್ಡಿನ ಕುಟುಂಬಕ್ಕೆ ತಿಂಗಳಿಗೆ 35 ಕಿಲೋ ಧಾನ್ಯ ಸಿಗಬೇಕು. ಹೆಬ್ಬೆಟ್ಟು ಹೊಂದಲಿಲ್ಲ ಎಂಬ ಕಾರಣಕ್ಕೆ ರೇಷನ್ ನಿರಾಕರಿಸಬಾರದೆಂದು ಕೇಂದ್ರ ಸರ್ಕಾರವೇ 2017ರಲ್ಲಿ ಆದೇಶಿಸಿದೆ. ನ್ಯಾಯಬೆಲೆ ಅಂಗಡಿಗೆ ಅವರೊಂದಿಗೆ ನೀವೂ ಹೋಗಿ.

ನಾವು ಕಲಿತ ಪಾಠ

ಒಂದು ಊರಿನಲ್ಲಿ ಹೀಗೆ ಪಟ್ಟಿ ಮಾಡುವಾಗ ಒಬ್ಬ ವಿಧವೆಯ ಮನೆಗೆ ಹೋದೆವು. ಕೂಲಿ ಮಾಡಿ ಬೆರಳು ಸವೆದು ಮೆಷಿನ್‌ನಲ್ಲಿ ಹೆಬ್ಬೆಟ್ಟು ಬೀಳದೆ ಆಕೆಗೆ ಮೂರು ತಿಂಗಳಿಂದ ರೇಷನ್ ಇರಲಿಲ್ಲ. "ಸಂಘದಲ್ಲಿ ಯಾಕಮ್ಮಾ ಹೇಳಲಿಲ್ಲ?" ಎಂದು ಕೇಳಿದೆವು. "ನಾನೀಗ ಸಂಘದಲ್ಲಿ ಎಲ್ಲಿದೀನಿ ಸಿಸ್ಟರ್? ವಾರದ ದುಡ್ಡು ಕಟ್ಟಕ್ಕಾಗ್ಲಿಲ್ಲ, ಬಿಟ್ಟೆ" ಎಂದರು. ಹಾಜರಿ ಪುಸ್ತಕ ತೆಗೆದು ನೋಡಿದರೆ ಆಕೆಯ ಹೆಸರಿನ ಮೇಲೆ ಗೆರೆ. ಆ ಪುಟವನ್ನು ಪರಿಶೀಲಿಸಿ ಸಹಿ ಹಾಕಿದವರು ನಾವೇ. ಬಡವರಿಗಾಗಿ ಕಟ್ಟಿದ ಸಂಘದಿಂದ ಎಲ್ಲರಿಗಿಂತ ಬಡವರೇ ಹೊರಗಾಗಿದ್ದರು, ನಮಗೆ ಗೊತ್ತೇ ಆಗಿರಲಿಲ್ಲ.

ಆ ತಿಂಗಳು ಕೂಡಿದ ಅಕ್ಕಿ ಕೆಲವು ಮನೆಗಳಿಗೆ ಹದಿನೈದು ದಿನ ಬಂತು. ಆದರೆ ಆಕೆಗೆ ರೇಷನ್ ಮತ್ತೆ ಬರತೊಡಗಿದ್ದು, ಸದಸ್ಯೆಯರು ಜೊತೆಗೆ ನಿಂತಿದ್ದರಿಂದ. ಕಟ್ಟಲಾಗದ ವಾರ ಉಳಿತಾಯಕ್ಕೆ ವಿನಾಯಿತಿ ಕೊಡುವುದೆಂದು ಸಂಘ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡಿತು. ಆಕೆ ಈಗ ಮತ್ತೆ ಚಾಪೆಯ ಮೇಲೆ ನಮ್ಮ ಜೊತೆ ಕೂರುತ್ತಾರೆ.

ಸಹೋದರಿಯರೇ, ಮುಂದಿನ ಸಭೆಯಲ್ಲಿ ಡಬ್ಬಿ ಹಂಚುವ ಮುಂಚೆ ನಿಮ್ಮ ಹಾಜರಿ ಪುಸ್ತಕ ತೆರೆಯಿರಿ. ಗೆರೆ ಎಳೆದ ಹೆಸರುಗಳನ್ನು ಒಂದೊಂದಾಗಿ ಓದಿ. ನಿಮ್ಮ ಅಭಿಯಾನ ಆ ಮನೆಗಳಿಂದಲೇ ಶುರುವಾಗಲಿ.